ಎರಡನೇ ಭಾಗವನ್ನು ಖಂಡಿತ ನೋಡಿ, ಆದರೆ ಇವತ್ತೇ ಬೇಡ
'ಸಪ್ತ ಸಾಗರದಾಚೆ ಎಲ್ಲೋ' ಸಿನಿಮಾದ ಮೊದಲ ಭಾಗ ನೋಡಿ ಮನಸ್ಸು ಭಾರವಾಗಿದೆ, ಎರಡನೆಯದನ್ನು ನೋಡಬೇಕೇ ಎಂದು ಕೇಳಿದ್ದೀರಿ. ನೋಡಲೇಬೇಕು. ಆದರೆ ಅದೇ ರಾತ್ರಿ ಮುಂದುವರಿಸಬೇಡಿ. 2023ರಲ್ಲಿ ಮೊದಲ ಭಾಗ ಸೆಪ್ಟೆಂಬರ್‌ನಲ್ಲಿ, ಎರಡನೆಯದು ನವೆಂಬರ್‌ನಲ್ಲಿ ತೆರೆಕಂಡವು. ಆ ನಡುವಿನ ಕಾಯುವಿಕೆಯೇ ನಮ್ಮನ್ನು ಜೈಲಿನಲ್ಲಿ ಕಾಯುತ್ತಿದ್ದ ನಾಯಕ ಮನುವಿನ ಸ್ಥಿತಿಗೆ ಹತ್ತಿರ ತಂದಿತ್ತು.

ಎರಡನೇ ಭಾಗದಲ್ಲಿ ಮನು ಜೈಲಿನಿಂದ ಹೊರಬಂದು ತನ್ನ ಪ್ರೇಯಸಿ ಪ್ರಿಯಾಳನ್ನು ಹುಡುಕುತ್ತಾನೆ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಬಣ್ಣಗಳನ್ನು ಮಾತ್ರ ಗಮನಿಸಿ. ಮೊದಲ ಭಾಗವನ್ನು ಆವರಿಸಿದ್ದ ಕಡಲಿನ ನೀಲಿ ಇಲ್ಲಿ ಕೆಂಪಿಗೆ ತಿರುಗುತ್ತದೆ, ಮನುವಾಗಿ ನಟಿಸಿದ ರಕ್ಷಿತ್ ಶೆಟ್ಟಿಯವರ ಕಣ್ಣುಗಳೂ ಹಾಗೆಯೇ ಬದಲಾಗಿವೆ. ಚರಣ್ ರಾಜ್ ಸಂಗೀತಕ್ಕಾಗಿಯಾದರೂ ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ಸೇಡಿನ ಎಳೆ ಸ್ವಲ್ಪ ಉದ್ದವಾಯಿತು ಎಂಬ ದೂರು ನನಗೂ ಒಪ್ಪಿಗೆ. ಆದರೆ ಚೈತ್ರಾ ಆಚಾರ್ ನಟಿಸಿದ ಸುರಭಿಯ ಪಾತ್ರ ಆ ಕೊರತೆಯನ್ನು ಮರೆಸುತ್ತದೆ. ಅಷ್ಟು ಘನತೆಯಿಂದ ಬರೆದ ಪಾತ್ರಗಳು ನಮ್ಮಲ್ಲಿ ಅಪರೂಪ. ಪ್ರಿಯಾಳಾಗಿ ನಟಿಸಿದ ರುಕ್ಮಿಣಿ ವಸಂತ್ ಅವರನ್ನು ಎಲ್ಲರೂ ಹೊಗಳಿದ್ದಾರೆ, ಅದೆಲ್ಲ ನಿಜ.

ನೀವೂ ಬೆಂಗಳೂರಿನವರೇ ಎಂದಿದ್ದೀರಿ. ಬಾಡಿಗೆ ಮನೆ, ಸಾಲ, ಮಾಲೀಕನ ಕಾರು ಓಡಿಸುವ ಮನುವಿನಂಥ ಹುಡುಗ ಕಾಣುವ ಸ್ವಂತ ಮನೆಯ ಕನಸು ನಮಗೆ ಇನ್ನಷ್ಟು ಆಳವಾಗಿ ನಾಟುತ್ತದೆ. ನೋಡಿದ ಮೇಲೆ ಸುರಭಿಯ ಬಗ್ಗೆ ನಿಮಗೆ ಏನನ್ನಿಸಿತು ಎಂದು ತಪ್ಪದೆ ಬರೆಯಿರಿ.