ಮಣ್ಣಿನ ಮಾಳಿಗೆಗೆ ಸಿಮೆಂಟ್ ಬೇಡ

ಪ್ರಶ್ನೆ: ಚಳ್ಳಕೆರೆ ಹತ್ತಿರದ ಹಳ್ಳಿಯಲ್ಲಿ ತಾತ ಕಟ್ಟಿಸಿದ ಮಾಳಿಗೆ ಮನೆ ಇದೆ, ಮರದ ಜಂತೆಗಳ ಮೇಲೆ ಮಣ್ಣು ಹಾಸಿದ ಚಾವಣಿಯದ್ದು. ಮುಂದೆ ದನದ ಕೊಟ್ಟಿಗೆ, ಒಳಗೆ ಪಡಸಾಲೆ, ಅಂಗಳದಲ್ಲಿ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ಅಂದರೆ ಹಗೇವು. ಮಾಳಿಗೆ ಸೋರುತ್ತಿದೆ. ಸಿಮೆಂಟ್ ಗಾರೆ ಹಾಕಿಸಿ ಅಂತಾರೆ ಮೇಸ್ತ್ರಿ. ಹಾಕಿಸಬಹುದಾ? ಹಗೇವು ಮುಚ್ಚಿಸಬೇಕಾ?

ಉತ್ತರ: ದಯವಿಟ್ಟು ಸಿಮೆಂಟ್ ಹಾಕಿಸಬೇಡಿ. ಬಿಸಿಲು ಮಳೆಗೆ ಮಣ್ಣು, ಮರ ಎರಡೂ ಹಿಗ್ಗಿ ಕುಗ್ಗುತ್ತವೆ. ಗಡುಸು ಗಾರೆ ಅದಕ್ಕೆ ಹೊಂದದೆ ಬಿರುಕು ಬಿಡುತ್ತದೆ. ಬಿರುಕಲ್ಲಿ ಇಳಿದ ನೀರು ಆರಲು ದಾರಿಯಿಲ್ಲದೆ ಮಣ್ಣಲ್ಲೇ ನಿಂತು ಜಂತೆಯನ್ನು ಕೊಳೆಸಿ ಲಡ್ಡು ಮಾಡುತ್ತದೆ.

ನಿಮ್ಮ ಕಡೆ ಹಿರಿಯರು ಮಾಳಿಗೆಗೆ ಹಾಕುತ್ತಿದ್ದದ್ದು ಕರ್ಲು ಮಣ್ಣು, ಬೆಳೆ ಬಾರದ ಚೌಳು ನೆಲದ್ದು. ಅದರಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದರೆ ಜೇಡಿ ಕಣಗಳು ಬಿಡಿಬಿಡಿಯಾಗಿ ಹರಡಿ, ಮಣ್ಣಿನ ಸಣ್ಣ ಸಂದುಗಳನ್ನೆಲ್ಲ ಮುಚ್ಚುತ್ತವೆ. ಹೊಲದಲ್ಲಿ ನೀರು ಇಂಗಗೊಡದೆ ರೈತರನ್ನು ಗೋಳಾಡಿಸುವ ಗುಣವೇ ಮಾಳಿಗೆ ಮೇಲೆ ಮನೆ ಕಾಯುತ್ತದೆ. ಇದನ್ನು ಕಂಡುಕೊಂಡವರ ಜಾಣತನ ನೆನೆದರೆ ನನಗೆ ಇವತ್ತಿಗೂ ಬೆರಗು.

ಆದರೆ ವರ್ಷ ವರ್ಷ ಹಳೆಯದರ ಮೇಲೇ ಹೊಸ ಮಣ್ಣು ಸುರಿಯಬಾರದು. 10 ಅಡಿಗೆ 10 ಅಡಿ ಜಾಗದಲ್ಲಿ ಒಂದು ಇಂಚು ಮಣ್ಣು ಏರಿದರೆ ಸುಮಾರು 350 ಕಿಲೋ ಭಾರ ಬಿತ್ತು ಅಂತ ಲೆಕ್ಕ. ನೆನೆದರೆ ಇನ್ನೂ ಜಾಸ್ತಿ. ಜೋರು ಮಳೆಗೆ ಹಳೇ ಮಾಳಿಗೆ ಕುಸಿಯಲು ಇದೂ ಒಂದು ಕಾರಣ. ಬೇಸಿಗೆಯಲ್ಲಿ ಮೊದಲು ಜಂತೆಯ ತುದಿ ಗೋಡೆ ಸೇರುವ ಕಡೆ ದಬ್ಬಳ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಆ ಜಂತೆ ಬದಲಿಸಲೇಬೇಕು. ಆಮೇಲೆ ಸಡಿಲ ಮಣ್ಣು ಕೆರೆದು ತೆಗೆಸಿ, ನೀರು ಹೋಗುವ ದೋಣಿ ಕಡೆ ಇಳಿಜಾರು ಕೊಡಿಸಿ, ತೆಳ್ಳಗೆ ಕರ್ಲು ಹಾಕಿಸಿ, ಬಡಿದು ಗಟ್ಟಿ ಮಾಡಿಸಿ. ಬೆಳಕಿಗೆ ಅಂತ ಮಾಳಿಗೆಯಲ್ಲಿ ಬಿಟ್ಟ ಗವಾಕ್ಷಿಯ ಸುತ್ತಲಿನ ಏರು ಸವೆದಿದೆಯಾ ನೋಡಿ, ಸೋರುವುದು ಅಲ್ಲಿಂದಲೇ ಇರಬಹುದು.

ಅಂದಹಾಗೆ, ಕೊಟ್ಟಿಗೆ ನೆಲ ಪಡಸಾಲೆಗಿಂತ ತಗ್ಗಲ್ಲಿ ಇರುತ್ತದಲ್ವಾ? ಗಂಜಲ ಒಳಕ್ಕೆ ಹರಿಯದಿರಲಿ ಅಂತ ಹಾಗೆ ಮಾಡಿದ್ದು. ಸುಮ್ನೆ ಸಮ ಮಾಡಿಸಬೇಡಿ.

ಹಗೇವನ್ನೂ ಉಳಿಸಿಕೊಳ್ಳಿ, ಆದರೆ ಒಳಗೆ ಯಾರೂ ಇಳಿಯಬಾರದು. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕ ಖಾಲಿಯಾಗುತ್ತದೆ. ಹುಳ ಬದುಕುವುದಿಲ್ಲ, ಜೋಳ ಕೆಡುವುದಿಲ್ಲ. ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಬಿದ್ದವನನ್ನು ಎತ್ತಲು ಇಳಿದವನೂ ಉಳಿಯುವುದಿಲ್ಲ. ಕಾಳಿಲ್ಲದ ಹಗೇವು ಅಂತಲೂ ನಂಬಬೇಡಿ. ಶುಚಿ ಮಾಡಿಸಲೇಬೇಕೆಂದರೆ ಅಗ್ನಿಶಾಮಕ ದಳದವರನ್ನು ಕೇಳಿ. ಅಂಗಳದಲ್ಲಿ ಮಕ್ಕಳು ಆಡುತ್ತಿದ್ದರೆ, ಅದರ ಬಾಯಿಗೆ ಮುಚ್ಚಿದ ಚಪ್ಪಡಿ ಭದ್ರವಾಗಿದೆಯಾ ಅಂತ ಇವತ್ತೇ ನೋಡಿ.