ಬೀಗದ ಕೈ ಎಲ್ಲಿಟ್ಟಿರಿ?

ಬೆರಳಚ್ಚು ಮೇಷ್ಟ್ರಿಗೆ ಓದುಗರ ಪ್ರಶ್ನೆ

ಮೊಬೈಲ್‌ನ ಟಿಪ್ಪಣಿಗಳಿಗೂ ಬೀಗ ಹಾಕಬಹುದು ಎಂದು ಹೋದ ಸಂಚಿಕೆಯಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ಆ ಸಾಲಿಗೆ ಬಂದ ಕಾಗದಗಳನ್ನು ನೋಡಿದರೆ, ದಾವಣಗೆರೆ ಸೀಮೆಯಲ್ಲಿ ಗುಟ್ಟಿಲ್ಲದ ಮನೆಯೇ ಇಲ್ಲವೆನಿಸುತ್ತದೆ. ಇಪ್ಪತ್ತೆಂಟು ವರ್ಷ ಈ ಊರಿನಲ್ಲಿ ಬೆರಳಚ್ಚು ಕಲಿಸಿದವನು ನಾನು. ಆಗ ಬೆರಳಚ್ಚು ಎಂದರೆ ಟೈಪಿಂಗ್. ಈಗಿನ ಮಕ್ಕಳಿಗೆ ಅದು ಫೋನಿನ ಬೀಗ ತೆಗೆಯುವ ಹೆಬ್ಬೆರಳು. ಆದ್ದರಿಂದ ಈ ಪ್ರಶ್ನೆಗಳು ತಪ್ಪು ವಿಳಾಸಕ್ಕೇನೂ ಬಂದಿಲ್ಲ.

ಪ್ರಶ್ನೆ: ಮೇಷ್ಟ್ರೇ, ನಿವೃತ್ತಿಯಾದ ಮೇಲೆ ಗೂಗಲ್ ಕೀಪ್‌ನಲ್ಲಿ ದಿನಚರಿ ಬರೆಯುತ್ತಿದ್ದೇನೆ. ಸುಳ್ಳೇಕೆ, ಸೊಸೆಯ ಬಗ್ಗೆಯೂ ಒಂದೆರಡು ಮಾತು ಇರುತ್ತದೆ. ಮೊಮ್ಮಗ ಆಟವಾಡಲು ನನ್ನ ಫೋನ್ ತೆಗೆದುಕೊಳ್ಳುತ್ತಾನೆ. ಮೊನ್ನೆ ಎಲ್ಲರೂ ಊಟಕ್ಕೆ ಕುಳಿತಾಗ ಒಂದು ಸಾಲನ್ನು ಗಟ್ಟಿಯಾಗಿ ಓದಿಬಿಟ್ಟ. ಏನು ಮಾಡಲಿ?
— ನಿವೃತ್ತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ

ಉತ್ತರ: ಟೀಚರ್, ಮೊಮ್ಮಗನಿಗೆ ಅಷ್ಟು ಸ್ಪಷ್ಟವಾಗಿ ಓದಲು ಕಲಿಸಿದವರು ಯಾರೆಂದು ನಾನು ಕೇಳುವುದಿಲ್ಲ.

ಕೀಪ್‌ನಲ್ಲಿ ಒಂದೊಂದು ಟಿಪ್ಪಣಿಗೆ ಬೇರೆ ಬೇರೆ ಬೀಗ ಹಾಕುವ ಸೌಲಭ್ಯವಿಲ್ಲ. ಹಲವು ಫೋನುಗಳಲ್ಲಿ ‘ಆ್ಯಪ್ ಲಾಕ್’ ಎಂಬ ವ್ಯವಸ್ಥೆ ಇರುತ್ತದೆ. ಅದನ್ನು ಹಾಕಿದರೆ ಇಡೀ ಕೀಪ್ ಮುಚ್ಚಿಕೊಳ್ಳುತ್ತದೆ. ಆದರೆ ಅದು ಆ ಫೋನಿಗಷ್ಟೇ ಹಾಕಿದ ಚಿಲಕ. ಅದೇ ಗೂಗಲ್ ಖಾತೆ ಮಗನ ಲ್ಯಾಪ್‌ಟಾಪ್‌ನಲ್ಲಿಯೂ ತೆರೆದಿದ್ದರೆ ನಿಮ್ಮ ದಿನಚರಿ ಅಲ್ಲಿ ಹರಡಿಕೊಂಡೇ ಇರುತ್ತದೆ. ಮುಂಬಾಗಿಲಿಗೆ ಅಗುಳಿ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಇನ್ನೊಂದು ವಿಷಯ: ಟಿಪ್ಪಣಿಗೆ ‘ನೆನಪಿಸು’ ಎಂದು ಗಂಟೆ ಕೊಟ್ಟಿದ್ದರೆ ಆ ಹೊತ್ತಿಗೆ ಅದರ ಸಾಲುಗಳು ಪರದೆಯ ಮೇಲೆ ತಾವೇ ಬಂದು ನಿಲ್ಲುತ್ತವೆ. ಬೀಗ ತೆಗೆಯದ ಪರದೆಯಲ್ಲಿ ಸೂಚನೆಗಳ ಒಳವಿಷಯ ಕಾಣಿಸದಂತೆ ಸೆಟ್ಟಿಂಗ್ಸ್‌ನಲ್ಲಿ ಮಾಡಿಕೊಳ್ಳಿ.

ನಿಮ್ಮದು ಸ್ಯಾಮ್‌ಸಂಗ್ ಫೋನಾದರೆ ದಿನಚರಿಯನ್ನು ಸ್ಯಾಮ್‌ಸಂಗ್ ನೋಟ್ಸ್‌ಗೆ ಬದಲಾಯಿಸಿ. ಟಿಪ್ಪಣಿ ತೆರೆದು ಮೂಲೆಯ ಮೂರು ಚುಕ್ಕಿ ಒತ್ತಿದರೆ ಲಾಕ್ ಮಾಡುವ ಆಯ್ಕೆ ಸಿಗುತ್ತದೆ. ಐಫೋನ್‌ನ ನೋಟ್ಸ್‌ನಲ್ಲಿಯೂ ಹೀಗೆ ಒಂದೊಂದಕ್ಕೇ ಬೀಗ ಹಾಕಬಹುದು. ಆದರೆ ಅಲ್ಲಿ ಬೀಗ ಬಿದ್ದ ಮೇಲೂ ಟಿಪ್ಪಣಿಯ ಶೀರ್ಷಿಕೆ ಪಟ್ಟಿಯಲ್ಲಿ ಕಾಣುತ್ತಲೇ ಇರುತ್ತದೆ, ಶೀರ್ಷಿಕೆಯಾಗುವುದೋ ನೀವು ಬರೆದ ಮೊದಲ ಸಾಲು. ಹಾಗಾಗಿ ಮೊದಲ ಸಾಲಿನಲ್ಲಿ ‘ಸೊಸೆ ಇವತ್ತು ಅಂದದ್ದು’ ಎಂದು ಬರೆಯಬೇಡಿ. ‘ಸೋಮವಾರ’ ಎಂದಿರಲಿ.

ಇಷ್ಟೆಲ್ಲ ಮಾಡುವ ಮೊದಲು ಒಂದು ಸಣ್ಣ ಕೆಲಸ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ ಪಿನ್ನಿಂಗ್’ ಎಂದು ಹುಡುಕಿ. ಆಟವನ್ನು ತೆರೆದು ಪಿನ್ ಮಾಡಿ ಕೊಟ್ಟರೆ ಮೊಮ್ಮಗ ಆ ಆಟದಿಂದ ಆಚೆ ಬರಲಾರ. ಬರಬೇಕೆಂದರೆ ಫೋನಿನ ಬೀಗದ ಗುರುತು ಕೇಳುವಂತೆ ಇಡಬಹುದು. ನಿಮ್ಮ ತೊಂದರೆ ಕಳ್ಳನದಲ್ಲ, ಎಂಟು ವರ್ಷದ ಹುಡುಗನದು. ಅವನಿಗೆ ಇಷ್ಟು ಸಾಕು.

ಬೀಗವೆಂದು ಪರದೆಯ ಮೇಲೆ ಗೆರೆ ಎಳೆಯುವ ‘ಪ್ಯಾಟರ್ನ್’ ಮಾತ್ರ ಇಡಬೇಡಿ. ನಮ್ಮೂರಿನಲ್ಲಿ ಅದಕ್ಕೊಂದು ವಿಶೇಷ ಅಪಾಯವಿದೆ. ಹೋಟೆಲಿನಲ್ಲಿ ನನ್ನ ಎದುರು ಕುಳಿತ ಹುಡುಗನೊಬ್ಬ ಬೆಣ್ಣೆ ದೋಸೆ ಮುಗಿಸಿ, ಕೈ ತೊಳೆಯದೆ ಫೋನ್ ತೆರೆದು ನೋಡಿ ಮೇಜಿನ ಮೇಲಿಟ್ಟ. ಟ್ಯೂಬ್‌ಲೈಟಿನ ಬೆಳಕಿಗೆ ಓರೆಯಾಗಿ ನೋಡಿದರೆ ಬೆಣ್ಣೆಯಲ್ಲಿ ಬರೆದ ಝಡ್ ಅಕ್ಷರ ಹೊಳೆಯುತ್ತಿತ್ತು. ನಾನು ಸಭ್ಯ, ಚಟ್ನಿ ಕಡೆ ನೋಡಿದೆ.

ಪ್ರಶ್ನೆ: ಬ್ಯಾಂಕಿನ ಪಾಸ್‌ವರ್ಡ್, ಎಟಿಎಂ ಪಿನ್, ಜಿಎಸ್‌ಟಿ ಲಾಗಿನ್ ಎಲ್ಲವನ್ನೂ ವಾಟ್ಸ್‌ಆ್ಯಪ್‌ನಲ್ಲಿ ನನಗೆ ನಾನೇ ಕಳುಹಿಸಿಕೊಂಡು ಇಟ್ಟಿದ್ದೇನೆ. ವಾಟ್ಸ್‌ಆ್ಯಪ್ ಸುರಕ್ಷಿತವೆಂದು ಅವರೇ ಹೇಳುತ್ತಾರಲ್ಲ?
— ಅಡಿಕೆ ಮಂಡಿ ವ್ಯಾಪಾರಿ, ಚನ್ನಗಿರಿ

ಉತ್ತರ: ಸಾಹುಕಾರರೇ, ಸಂದೇಶ ಒಂದು ಫೋನಿನಿಂದ ಇನ್ನೊಂದಕ್ಕೆ ಹೋಗುವಾಗ ದಾರಿಯಲ್ಲಿ ಯಾರೂ ಓದಲಾರರು ಎಂಬುದು ನಿಜ. ನಿಮ್ಮ ಸಂದೇಶ ಎಲ್ಲಿಗೆ ಹೋಯಿತು? ಎಲ್ಲಿಗೂ ಇಲ್ಲ, ನಿಮ್ಮ ಫೋನಿನಲ್ಲೇ ಕುಳಿತಿದೆ. ಮಂಡಿಯ ಕಂಪ್ಯೂಟರ್‌ನಲ್ಲಿ ಗುಮಾಸ್ತರು ದರದ ಪಟ್ಟಿ ಕಳುಹಿಸಲು ನಿಮ್ಮದೇ ವಾಟ್ಸ್‌ಆ್ಯಪ್ ತೆರೆದಿಟ್ಟುಕೊಂಡಿರುತ್ತಾರೆ, ಅಲ್ಲವೇ? ಅಲ್ಲೂ ಕುಳಿತಿದೆ. ಬ್ಯಾಕಪ್ ಆದರೆ ಗೂಗಲ್ ಡ್ರೈವ್‌ನಲ್ಲೂ ಒಂದು ಪ್ರತಿ. ಆ ಬ್ಯಾಕಪ್‌ಗೂ ಗೂಢಲಿಪಿಯ, ಅಂದರೆ ಕೀಲಿ ಇಲ್ಲದವರು ಓದಲಾಗದಂತೆ ಅಕ್ಷರ ಕಲಸಿಡುವ, ರಕ್ಷಣೆ ಕೊಡುವ ಏರ್ಪಾಡು 2021ರಲ್ಲೇ ಬಂದಿದೆ, ಆದರೆ ಅದನ್ನು ನಾವಾಗಿಯೇ ಆನ್ ಮಾಡಬೇಕು. ತಿಜೋರಿಯ ಮೂರು ಬೀಗದ ಕೈ ಮಾಡಿಸಿ ಒಂದನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಿದ್ದೀರಿ.

ಎಟಿಎಂ ಪಿನ್ ಬರೆಯುವ ವಸ್ತುವೇ ಅಲ್ಲ. ನಾಲ್ಕು ಅಂಕಿ, ನೆನಪಿಟ್ಟುಕೊಳ್ಳಿ. ಅಡಿಕೆಯ ಹತ್ತು ವರ್ಷದ ಧಾರಣೆ ನಿಮ್ಮ ನಾಲಿಗೆಯ ತುದಿಯಲ್ಲಿದೆ, ಇದು ದೊಡ್ಡದೇ? ಹುಟ್ಟಿದ ವರ್ಷ ಮಾತ್ರ ಇಡಬೇಡಿ. ನಾಲ್ಕು ಅಂಕಿಯಲ್ಲಿ 10,000 ಪಿನ್ ಸಾಧ್ಯ. ಹುಟ್ಟಿದ ವರ್ಷವೆಂದು ಗೊತ್ತಾದರೆ ಹುಡುಕುವವನಿಗೆ ಉಳಿಯುವುದು ಅರವತ್ತೋ ಎಪ್ಪತ್ತೋ. ನಿಮ್ಮ ಮುಖ ನೋಡಿದವನಿಗೆ ಹತ್ತು.

ಉಳಿದ ಪಾಸ್‌ವರ್ಡ್‌ಗಳಿಗೆ ಟಿಪ್ಪಣಿ ಪುಸ್ತಕ ಬೇಡ, ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಬಿಟ್‌ವಾರ್ಡನ್, ಕೀಪಾಸ್ ಎರಡನ್ನೂ ಹಣ ಕೊಡದೆ ಬಳಸಬಹುದು. ಕೀಪಾಸ್‌ನಲ್ಲಿ ಎಲ್ಲವೂ ಒಂದೇ ಕಡತದಲ್ಲಿ ಗೂಢಲಿಪಿಯಾಗಿ ಇರುತ್ತದೆ, ಒಂದು ದೊಡ್ಡ ಪಾಸ್‌ವರ್ಡ್ ಕೊಟ್ಟರೆ ತೆರೆಯುತ್ತದೆ. ಆ ಒಂದು ಉದ್ದವಿರಬೇಕು. ಏಕೆಂದರೆ ಫೋನಾದರೆ ತಪ್ಪು ಪಿನ್ ಒತ್ತಿದಷ್ಟೂ ಕಾಯಿಸುತ್ತದೆ. ಕಡತವನ್ನು ಕದ್ದುಕೊಂಡು ಹೋದವನನ್ನು ಕಾಯಿಸುವವರು ಯಾರೂ ಇಲ್ಲ. ಅವನ ಕಂಪ್ಯೂಟರ್ ರಾತ್ರಿಯೆಲ್ಲ ಊಹಿಸುತ್ತಲೇ ಇರಬಹುದು.

ಉದ್ದದ ಪಾಸ್‌ವರ್ಡ್ ಮಾಡುವುದು ಹೇಗೆಂದರೆ, ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ ಆರಿಸಿ. ಇಂಗ್ಲಿಷಿನವರು ಇದಕ್ಕಾಗಿ 7776 ಪದಗಳ ಪಟ್ಟಿಯನ್ನೇ ಮಾಡಿಕೊಂಡಿದ್ದಾರೆ: ದಾಳವನ್ನು ಐದು ಸಲ ಉರುಳಿಸಿದರೆ ಒಂದು ಪದ. ನೀವು ಕನ್ನಡ ನಿಘಂಟನ್ನು ಕಣ್ಣು ಮುಚ್ಚಿ ಐದು ಕಡೆ ತೆರೆದು ಬೆರಳಿಡಿ. ‘ಒರಳು ರಸೀದಿ ಕಾಗೆ ಮಂಗಳವಾರ ಜಿಗುಟು’ ಎಂದು ಬಂದರೆ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ. ಇದನ್ನೇ ಇಡಬೇಡಿ, ಅಚ್ಚಾಗಿಹೋಯಿತು. ಗಾದೆ, ವಚನದ ಸಾಲು, ಸಿನಿಮಾ ಹಾಡಿನ ಪಲ್ಲವಿಯೂ ಬೇಡ. ಎಲ್ಲರ ಬಾಯಲ್ಲಿರುವುದನ್ನು ಊಹಿಸುವವನೂ ಬಲ್ಲ.

ಇಷ್ಟರಲ್ಲಿ ಖಾತೆಯಿಂದ ಹಣ ಹೋಗಿದ್ದರೆ ನನಗೆ ಕಾಗದ ಬರೆಯುತ್ತ ಕೂರಬೇಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ತಿಳಿಸಿ. ಆ ಕೆಲಸದಲ್ಲಿ ಗಂಟೆ ಗಂಟೆಗೂ ಲೆಕ್ಕವಿದೆ.

ಪ್ರಶ್ನೆ: ಐಫೋನ್ ನೋಟ್ಸ್‌ನಲ್ಲಿ ಎರಡು ವರ್ಷದ ಹಿಂದೆ ಬರೆದ ಕವನಗಳಿಗೆ ಬೇರೆ ಪಾಸ್‌ವರ್ಡ್ ಇಟ್ಟಿದ್ದೆ. ಈಗ ಮರೆತುಹೋಗಿದೆ. ಕಂಪನಿಯವರು ತೆರೆದುಕೊಡುತ್ತಾರೆಯೇ?
— ಸ್ನಾತಕೋತ್ತರ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಇಲ್ಲ ತಂಗಿ. ಕೊಡುವುದಿಲ್ಲ ಎಂದಲ್ಲ, ಅವರಿಂದಲೂ ಆಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಹೊಸ ಪಾಸ್‌ವರ್ಡ್ ಇಡಬಹುದು, ಆದರೆ ಅದು ಇನ್ನು ಮುಂದೆ ಬೀಗ ಹಾಕುವ ಟಿಪ್ಪಣಿಗಳಿಗೆ. ಹಳೆಯವು ಹಳೆಯ ಪಾಸ್‌ವರ್ಡನ್ನೇ ಕೇಳುತ್ತವೆ. ಆಗಲೇ ಮುಖ ಅಥವಾ ಬೆರಳ ಗುರುತಿನಿಂದಲೂ ತೆರೆಯುವಂತೆ ಇಟ್ಟಿದ್ದರೆ ಒಮ್ಮೆ ಮುಖ ತೋರಿಸಿ ನೋಡಿ. ತೆರೆದರೆ ಕ್ಷಣವೂ ತಡಮಾಡದೆ ಕವನಗಳನ್ನು ಹೊಸ ಟಿಪ್ಪಣಿಗೆ ನಕಲು ಮಾಡಿಕೊಳ್ಳಿ.

ನಿಮ್ಮ ಊರಿನ ಕೋಟೆಯನ್ನೂ ಕಿಂಡಿಯನ್ನೂ ಇಲ್ಲಿ ಎಳೆದು ತರಲು ಕೈ ತುರಿಸುತ್ತಿದೆ. ಆದರೆ ಮಾತೆತ್ತಿದರೆ ಓಬವ್ವನನ್ನು ಕರೆಯುವ ಚಾಳಿ ಬಿಡಬೇಕೆಂದು ಸಂಪಾದಕರು ಹೇಳಿದ್ದಾರೆ. ಇಷ್ಟು ಮಾತ್ರ ಹೇಳುತ್ತೇನೆ: ಗಟ್ಟಿ ಗೂಢಲಿಪಿಯಲ್ಲಿ ಕಿಂಡಿಯೇ ಇರುವುದಿಲ್ಲ. ನೀವು ಕೊಟ್ಟ ಪಾಸ್‌ವರ್ಡಿನಿಂದಲೇ ಒಂದು ಕೀಲಿ ತಯಾರಾಗಿ, ಅದರಿಂದ ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಕಂಪನಿಯ ಬಳಿ ನಕಲಿ ಕೀಲಿ ಇದ್ದಿದ್ದರೆ ಅದು ಇನ್ಯಾರ ಕೈಗಾದರೂ ಹೋಗಬಹುದಿತ್ತು. ಕಳ್ಳನಿಗೂ ನಮಗೂ ಒಂದೇ ನ್ಯಾಯ.

ನನ್ನದೂ ಒಂದು ಕಥೆಯಿದೆ. ನಮ್ಮ ತಾಯಿ ಕೆಂಪು ರಟ್ಟಿನ ಉದ್ದನೆಯ ಪುಸ್ತಕವೊಂದರಲ್ಲಿ ಮುಯ್ಯಿ ಲೆಕ್ಕ ಬರೆದಿಡುತ್ತಿದ್ದರು. ಯಾರ ಮದುವೆಗೆ ಯಾರು ಏನು ಕೊಟ್ಟರು, ನಾವು ತಿರುಗಿ ಏನು ಕೊಟ್ಟೆವು. ಬರೀ ಲೆಕ್ಕವಲ್ಲ, ಪಕ್ಕದಲ್ಲಿ ಷರಾ. ‘ಸ್ಟೀಲ್ ಬೋಗುಣಿ, ತಳ ತೆಳು.’ ‘ನಾವೇ ಕೊಟ್ಟ ಸೀರೆ, ಮಡಿಕೆ ಕೂಡ ಬಿಚ್ಚಿಲ್ಲ.’ 2016ರಲ್ಲಿ ಆ ಪುಸ್ತಕಕ್ಕೆ ಗೆದ್ದಲು ಹತ್ತಿತು. ಅಮ್ಮ ಓದುತ್ತ ಹೋದರು, ನಾನು ಒನ್‌ನೋಟ್ ಎಂಬ ಕಂಪ್ಯೂಟರಿನ ಟಿಪ್ಪಣಿ ಪುಸ್ತಕದ ಒಂದು ವಿಭಾಗದಲ್ಲಿ ಟೈಪ್ ಮಾಡುತ್ತ ಹೋದೆ. ಮಾವಿನಕಾಯಿ ಉಪ್ಪಿನಕಾಯಿ ಹಾಕುವ ಕಾಲ, ಓದುವ ನಡುನಡುವೆ ಅಡುಗೆಮನೆಗೆ ಎದ್ದು ಹೋಗಿ ಜಾಡಿ ಅಲುಗಿಸಿ ಬರುತ್ತಿದ್ದರು. ಷರಾಗಳು ನೆಂಟರ ಕಣ್ಣಿಗೆ ಬಿದ್ದರೆ ಮನೆತನಗಳೇ ಮುರಿಯುತ್ತವೆಂದು ಆ ವಿಭಾಗಕ್ಕೆ ಪಾಸ್‌ವರ್ಡ್ ಹಾಕಿದೆ. ಆಗ ನನಗೆ ಜಾಣತನದ ಹುಚ್ಚು. ಅಕ್ಷರದ ಬದಲು ಅಂಕಿ, ನಡುವೆ ಒಂದು ಆಶ್ಚರ್ಯಸೂಚಕ, ಕೊನೆಗೊಂದು ದೊಡ್ಡಕ್ಷರ. ಎಲ್ಲಿಯೂ ಬರೆದಿಡಲಿಲ್ಲ. ಗೆದ್ದಲು ತಿಂದ ಪುಸ್ತಕವನ್ನು ಒಲೆಗೆ ಹಾಕಿದೆವು. ಅಮ್ಮ ಮರುವರ್ಷ ತೀರಿಕೊಂಡರು.

ಆ ವಿಭಾಗ ಈಗಲೂ ನನ್ನ ಕಂಪ್ಯೂಟರಿನಲ್ಲಿದೆ. ‘ಅಮ್ಮನ ಪುಸ್ತಕ’ ಎಂಬ ಹೆಸರು ಕಾಣುತ್ತದೆ, ಒತ್ತಿದರೆ ಪಾಸ್‌ವರ್ಡ್ ಕೇಳುತ್ತದೆ. ಒನ್‌ನೋಟ್ ಬಳಸುವ ಎಇಎಸ್ ಎಂಬ ಗೂಢಲಿಪಿ ಪದ್ಧತಿಯನ್ನು ಅಮೆರಿಕ ಸರ್ಕಾರ 2001ರಲ್ಲಿ ಮಾನಕವಾಗಿ ಒಪ್ಪಿಕೊಂಡಿತು. ಅಂಥದ್ದರ ಮುಂದೆ ನನ್ನ ಹಬ್ಬದ ದಿನಗಳ ಊಹೆಗಳು ಏನು ಮಾಡಿಯಾವು? ಆದರೂ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಕುಳಿತು ಹತ್ತಿಪ್ಪತ್ತು ಸಲ ಒತ್ತಿ ನೋಡುತ್ತೇನೆ.

ಕವನಗಳು ತೆರೆಯದಿದ್ದರೆ ನೆನಪಾದಷ್ಟನ್ನು ಈ ವಾರವೇ ಬರೆದುಕೊಳ್ಳಿ. ನಿಮಗೆ ಎರಡೇ ವರ್ಷವಾಗಿದೆ.

ಪ್ರಶ್ನೆ: ಪಾಸ್‌ವರ್ಡನ್ನು ತಿಂಗಳಿಗೊಮ್ಮೆ ಬದಲಾಯಿಸಬೇಕೇ?
— ಓದುಗರು, ಹರಿಹರ

ಉತ್ತರ: ಬೇಕಿಲ್ಲ. ಒಂದು ಕಾಲಕ್ಕೆ ಹಾಗೆ ಹೇಳುತ್ತಿದ್ದರು. ಅಮೆರಿಕದ ಮಾನಕ ಸಂಸ್ಥೆಯೇ 2017ರಲ್ಲಿ ಆ ಸಲಹೆಯನ್ನು ಕೈಬಿಟ್ಟಿತು. ತಿಂಗಳಿಗೊಮ್ಮೆ ಬದಲಿಸು ಎಂದರೆ ಜನ ಕೊನೆಯ 1 ಅನ್ನು 2 ಮಾಡಿ ಸುಮ್ಮನಾಗುತ್ತಾರೆ. ಯಾರಿಗೋ ಗೊತ್ತಾಯಿತೆಂಬ ಅನುಮಾನ ಬಂದ ದಿನ ಬದಲಾಯಿಸಿ, ಅಷ್ಟೇ.

ಪ್ರಶ್ನೆ: ನನ್ನ ಹೆಂಡತಿ ಫೋನಿನಲ್ಲಿ ಏನೋ ಬರೆದು ಬೀಗ ಹಾಕಿಡುತ್ತಾಳೆ. ಅವಳಿಗೆ ಗೊತ್ತಾಗದಂತೆ ತೆರೆಯುವ ದಾರಿ ತಿಳಿಸಿ.
— ಹೆಸರು ಬೇಡ, ನಿಟುವಳ್ಳಿ

ಉತ್ತರ: ಹೆಸರು ಬೇಡ ಎಂದು ನೀವು ಕೇಳಿದಿರಿ, ನಾನು ಹಾಕಲಿಲ್ಲ. ಅವರು ಕೇಳಿಕೊಂಡಿರುವುದೂ ಅಷ್ಟೇ.

ಪ್ರಶ್ನೆ: ನನಗೆ 71 ವರ್ಷ. ಆಸ್ತಿ, ವಿಮೆ, ಕೈಸಾಲದ ವಿವರವೆಲ್ಲ ಬೀಗ ಹಾಕಿದ ಟಿಪ್ಪಣಿಯಲ್ಲಿವೆ. ಮಕ್ಕಳಿಗೆ ಈಗಲೇ ಪಾಸ್‌ವರ್ಡ್ ಕೊಡಲು ಮನಸ್ಸಿಲ್ಲ. ನಾನು ಹೋದ ಮೇಲೆ ಅವರು ತೆರೆಯುವುದು ಹೇಗೆ?
— ನಿವೃತ್ತ ನೌಕರರು, ಹೊಳಲ್ಕೆರೆ

ಉತ್ತರ: ರಾಯರೇ, ಈ ತಿಂಗಳ ಕಾಗದಗಳಲ್ಲಿ ಬೀಗದ ಬಗ್ಗೆ ಕೇಳದೆ ಬೀಗದ ಕೈ ಬಗ್ಗೆ ಕೇಳಿದವರು ನೀವೊಬ್ಬರೇ.

ಗೂಗಲ್ ಖಾತೆಯಲ್ಲಿ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬುದಿದೆ. ಮೂರರಿಂದ ಹದಿನೆಂಟು ತಿಂಗಳೊಳಗೆ ಒಂದು ಅವಧಿ ಗೊತ್ತು ಮಾಡಿ, ಅಷ್ಟು ಕಾಲ ನೀವು ಖಾತೆಯನ್ನು ಮುಟ್ಟದಿದ್ದರೆ ಯಾರಿಗೆ ಏನು ತಲುಪಬೇಕೆಂದು ಬರೆದಿಡಬಹುದು. ಐಫೋನಿನವರಿಗೆ, ತಾವು ಹೋದ ಮೇಲೆ ಖಾತೆ ತೆರೆಯಬೇಕಾದವರನ್ನು ಮೊದಲೇ ಹೆಸರಿಸಿಡುವ ‘ಲೆಗಸಿ ಕಾಂಟ್ಯಾಕ್ಟ್’ ಇದೆ, ಆದರೆ ಅದರಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ವಾರಸುದಾರರ ಕೈಗೆ ಹೋಗುವುದಿಲ್ಲ. ಇವೆಲ್ಲ ಖಾತೆಯ ಹೊರಬಾಗಿಲನ್ನು ತೆರೆಯುತ್ತವೆ. ಟಿಪ್ಪಣಿಗೆ ನೀವೇ ಬೇರೆ ಪಾಸ್‌ವರ್ಡ್ ಹಾಕಿದ್ದರೆ ಅದನ್ನು ಎಲ್ಲಾದರೂ ಬರೆದಿಡಲೇಬೇಕು. ಕಾಗದದ ಮೇಲೆ. ಬರೆದಿಡಬಾರದು ಎಂಬ ಉಪದೇಶ ಕಂಪ್ಯೂಟರಿನ ಅಂಚಿಗೆ ಚೀಟಿ ಅಂಟಿಸುವವರಿಗೆ, ಬೀರುವಿನಲ್ಲಿ ಇಡುವವರಿಗಲ್ಲ. ವಿದೇಶದ ಕಳ್ಳ ಹೊಳಲ್ಕೆರೆಯ ಬೀರುವನ್ನು ತೆರೆಯಲು ಬಸ್ ಹತ್ತಿ ಬರುವುದಿಲ್ಲ.

ಅಮ್ಮನ ಪುಸ್ತಕದ ಪಾಠವಾದ ಮೇಲೆ ನಾನೂ ಹಾಗೆಯೇ ಮಾಡಿದೆ. ಲಕೋಟೆಗೆ ಅರಗು ಹಾಕಿ ತಂಗಿಯ ಮನೆಯಲ್ಲಿ, ಅವಳ ರೇಷ್ಮೆ ಸೀರೆಗಳ ಕೆಳಗೆ ಇಟ್ಟೆ. ನನ್ನ ಕೈಬರಹ ಯಾರಿಗೂ ತಿಳಿಯದೆಂದು ಶಾಲೆಯಲ್ಲಿ ಉಳಿದಿದ್ದ ಕೊನೆಯ ಇಂಗ್ಲಿಷ್ ಟೈಪ್‌ರೈಟರ್ ಮೇಲೆ ಅಚ್ಚುಕಟ್ಟಾಗಿ ಒತ್ತಿದ್ದೆ. ತಿಂಗಳೊಳಗೆ ಅವಳ ಫೋನ್ ಬಂತು. ಅರಗು ಹೇಗೆ ಒಡೆಯಿತೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

“ಅಣ್ಣ, ಮೂರನೆಯದು ಒಂದು ಅಂಕಿಯೋ ಎಲ್ ಅಕ್ಷರವೋ?”

ಹಳೆಯ ಟೈಪ್‌ರೈಟರಿನಲ್ಲಿ ಒಂದರ ಕೀಲಿಯೇ ಇರುವುದಿಲ್ಲ. ಸಣ್ಣ ಎಲ್ ಅನ್ನೇ ಒಂದು ಎಂದು ಒತ್ತಬೇಕೆಂದು ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನೇ. ಎಷ್ಟು ನೋಡಿದರೂ ಎರಡೂ ಒಂದೇ. ಹೊಸದಾಗಿ ಬರೆದ ಲಕೋಟೆಯಲ್ಲಿ ಆ ಅಂಕಿಯ ಪಕ್ಕ ಕನ್ನಡದಲ್ಲಿ ‘ಒಂದು’ ಎಂದು ಬರೆದು ಅಡಿಗೆರೆ ಎಳೆದಿದ್ದೇನೆ. ನೀವು ಬರೆದಿಟ್ಟ ಮೇಲೆ ಚೀಟಿಯನ್ನು ನೋಡಿಕೊಂಡು ಒಮ್ಮೆ ನಿಮ್ಮ ಕೈಯಾರೆ ಟಿಪ್ಪಣಿ ತೆರೆದು ನೋಡಿ, ಆಮೇಲೆ ಅರಗು ಹಾಕಿ.