ಮೊದಲು ಲಕೋಟೆ, ಆಮೇಲೆ ಕಾರ್ಡು

ಕೈಯಲ್ಲಿ ಶುಭಾಶಯ ಪತ್ರ ಮಾಡುವವರು, ಕಂಪ್ಯೂಟರ್‌ನಲ್ಲಿ ನೆನಪಿನ ಪುಟ ಜೋಡಿಸುವವರು ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪತ್ರಗಳಲ್ಲಿ ಮೂರು ಪತ್ರ ಕೈಯಿಂದ ಮಾಡಿದ ಕಾರ್ಡಿನಲ್ಲೇ ಬಂದಿವೆ. ಒಂದರ ಮೇಲೆ ಅಂಟಿಸಿದ ಅಂಗಿ ಗುಂಡಿ ಎರಡು ಹೋಳಾಗಿ ಬಂತು. ಆ ಕಥೆ ಮುಂದೆ ಇದೆ.

ಹೊಸ ಓದುಗರಿಗೆ ಒಂದು ಮಾತು. ನಾನು ಗದಗದಲ್ಲಿ ಪ್ರೆಸ್ಸಿನ ಮನೆಯಲ್ಲಿ ಬೆಳೆದವಳು. ಗದಗ ಅಂದರೆ ಪ್ರಿಂಟಿಂಗ್ ಪ್ರೆಸ್ಸುಗಳ ಊರು, ನಿಮಗೆ ಗೊತ್ತು. ಅಪ್ಪನದು ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ ಹಾಕುವ, ಕಾಲಲ್ಲಿ ತುಳಿಯುವ ಒಂದೇ ಟ್ರೆಡಲ್ ಮಷಿನ್ನಿನ ಅಂಗಡಿ. ಕಾಗದದ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಅಲ್ಲಿಯದು. ಇನ್ನರ್ಧ ಹಾಳು ಮಾಡಿ ಕಲಿತದ್ದು.

200 ಜಿಎಸ್‌ಎಂ ತೂಕದ ಬಣ್ಣದ ಎ4 ಕಾರ್ಡ್‌ಶೀಟ್ ತಂದು ಅರ್ಧಕ್ಕೆ ಮಡಿಸಿ ಕಾರ್ಡ್ ಮಾಡುತ್ತೇನೆ. ಮಡಿಸಿದ ಕಡೆ ಬಣ್ಣ ಒಡೆದು ಬಿಳಿ ಗೆರೆ ಕಾಣುತ್ತದೆ. ಶೀಟೇ ಕಳಪೆ ಇರಬಹುದಾ? – ಓದುಗರು, ಹಾವೇರಿ

ಶೀಟಿನ ತಪ್ಪಲ್ಲ, ನೀವು ಅದನ್ನು ನಾರಿಗೆ ಅಡ್ಡ ಮಡಿಸುತ್ತಿದ್ದೀರಿ. ಮಿಲ್ಲಿನಲ್ಲಿ ಕಾಗದ ಓಡುತ್ತಾ ತಯಾರಾಗುವಾಗ ಅದರೊಳಗಿನ ನಾರುಗಳು ಹೆಚ್ಚಾಗಿ ಓಡುವ ದಿಕ್ಕಿಗೇ ಮಲಗುತ್ತವೆ. ಅಪ್ಪ ಹೇಳುತ್ತಿದ್ದರು, "ಕಟಗಿ ಸೀಳಿದಂಗ ನೋಡವಾ. ನಾರಿನ ಗುಂಟ ಹೋದ್ರ ಸರಳ, ಅಡ್ಡ ಹೋದ್ರ ಜಗಳ."

ನಾರು ಯಾವ ಕಡೆ ಇದೆ ಎಂದು ನೋಡುವುದು ಸುಲಭ. ಹಾಳೆಯನ್ನು ಮಡಿಕೆ ಬೀಳದ ಹಾಗೆ ಮೆಲ್ಲಗೆ ಬಾಗಿಸಿ. ಮೊದಲು ಉದ್ದದ ಅಂಚುಗಳನ್ನು ಹತ್ತಿರ ತನ್ನಿ, ಆಮೇಲೆ ಗಿಡ್ಡ ಅಂಚುಗಳನ್ನು. ಒಂದು ಸಲ ಸಲೀಸಾಗಿ ಬಾಗುತ್ತದೆ, ಇನ್ನೊಂದು ಸಲ ಸೆಟೆದುಕೊಳ್ಳುತ್ತದೆ. ಸಲೀಸಾಗಿ ಬಾಗಿದಾಗ ಕೊಳವೆಯ ಹಾಗೆ ಆಗುತ್ತದಲ್ಲ, ಆ ಕೊಳವೆಯ ಉದ್ದಕ್ಕೇ ನಾರು ಇದೆ. ಇನ್ನೂ ಅನುಮಾನ ಇದ್ದರೆ ಒಂದು ಮೂಲೆಯಿಂದ ಅಂಚೆಚೀಟಿಯಷ್ಟು ಚೂರು ಕತ್ತರಿಸಿ ಒಂದು ಮೈ ಒದ್ದೆ ಮಾಡಿ. ಅದು ತಾನಾಗಿ ಸುರುಳಿಯಾಗಿ ತೋರಿಸುತ್ತದೆ.

ಅಂಗಡಿಯ ಎ4 ಶೀಟಿನಲ್ಲಿ ನಾರು ಸಾಮಾನ್ಯವಾಗಿ 297 ಮಿ.ಮೀ. ಇರುವ ಉದ್ದದ ಕಡೆಗಿರುತ್ತದೆ. ನೀವು ಅರ್ಧಕ್ಕೆ ಮಡಿಸಿದಾಗ ಮಡಿಕೆ ಅದಕ್ಕೆ ಸರಿಯಾಗಿ ಅಡ್ಡ ಬೀಳುತ್ತದೆ. ಹಾಗಾಗಿ ಮಡಿಸುವ ಬದಲು ಅದೇ ಜಾಗದಲ್ಲಿ ಕತ್ತರಿಸಿ. ಎರಡು ಎ5 ತುಂಡು ಸಿಗುತ್ತವೆ. ಒಂದೊಂದನ್ನೂ ಮತ್ತೆ ಅರ್ಧಕ್ಕೆ ಮಡಿಸಿ. ಈಗ ಮಡಿಕೆ ನಾರಿನ ಗುಂಟವೇ ಬಂತು. ಒಂದು ಶೀಟಿಗೆ 105 × 148 ಮಿ.ಮೀ. ಅಳತೆಯ ಎರಡು ಕಾರ್ಡು. ಬಿಳಿ ಗೆರೆಯೂ ಹೋಯಿತು, ದುಡ್ಡೂ ಉಳಿಯಿತು.

ಮಡಿಸುವ ಮೊದಲು ಕ್ರೀಸ್, ಅಂದರೆ ಮಡಿಕೆಯ ಗೆರೆ, ಹಾಕುವುದನ್ನು ಮರೆಯಬೇಡಿ. ಇಂಕು ಮುಗಿದ ಬಾಲ್‌ಪೆನ್ ಸಾಕು. ಕೆಳಗೆ ಹಳೇ ವಾರಪತ್ರಿಕೆ ಇಟ್ಟು, ಸ್ಕೇಲಿನ ಗುಂಟ ಮೂರು ಸಲ ಹಗುರವಾಗಿ ಎಳೆಯಿರಿ. ಒಂದೇ ಸಲ ಒತ್ತಿ ಎಳೆದರೆ ಹರಿಯುತ್ತದೆ. ಈಗ ಹಾಳೆಯ ಒಂದು ಮೈಯಲ್ಲಿ ಸಣ್ಣ ಕಾಲುವೆ, ಇನ್ನೊಂದು ಮೈಯಲ್ಲಿ ಸಣ್ಣ ದಿಬ್ಬ. ಸುಮಾರು ಜನ ಕಾಲುವೆಯ ಒಳಕ್ಕೆ ಮಡಿಸುತ್ತಾರೆ. ಅದು ಉಲ್ಟಾ. ದಿಬ್ಬ ಒಳಗೆ ಬರಬೇಕು, ಕಾಲುವೆ ಹೊರಗೆ. ಒಂದು ಸಲ ಹೀಗೆ ಮಾಡಿ ಬೆರಳಾಡಿಸಿ ನೋಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಗುಂಡಿ, ಮಣಿ ಅಂಟಿಸಿದ ಕಾರ್ಡನ್ನು ಅಂಚೆಯಲ್ಲಿ ಕಳಿಸಬಹುದಾ? ಇದರ ಮೇಲೆ ಒಂದು ಅಂಟಿಸಿದ್ದೇನೆ, ನೋಡಿ ಹೇಳಿ. – ಓದುಗರು, ಚಿತ್ರದುರ್ಗ

ನೋಡಿದೆ. ಮುರಿದಿತ್ತು. ನೀವು ಗುಂಡಿ ಅಂಟಿಸಿದ್ದು ಕಾರ್ಡಿನ ಬಲ ಮೇಲ್ತುದಿಯಲ್ಲಿ. ಲಕೋಟೆಯ ಮೇಲೆ ಅದೇ ಜಾಗದಲ್ಲಿ ಸ್ಟ್ಯಾಂಪ್ ಇತ್ತು. ಅಂಚೆಯವರು ಮೊಹರು ಹೊಡೆಯುವುದು ಅಲ್ಲೇ ಅಲ್ವಾ? ಉಬ್ಬಿದ್ದೆಲ್ಲ ಎಡ ಕೆಳಗಿರಲಿ. ಮಣಿಗಿಂತ ದಾರ, ಬಟ್ಟೆ ಚೂರು, ಕಾಗದದ ಪದರ ಒಳ್ಳೆಯದು.

ನಾನು ಎಲ್ಲರಿಗೂ ಹೇಳುವ ಮಾತೊಂದಿದೆ: ಮೊದಲು ಲಕೋಟೆ, ಆಮೇಲೆ ಕಾರ್ಡು. ಅದು ಎಲ್ಲಿಗೆ ಹೋಗುತ್ತದೆ, ಹೇಗೆ ಹೋಗುತ್ತದೆ ಎನ್ನುವುದು ಮೊದಲು ಗೊತ್ತಿರಬೇಕು. ನಾನು ಶುರು ಮಾಡಿದ ವರ್ಷ ಯುಗಾದಿಗೆ ನಲವತ್ತು ಚೌಕದ ಕಾರ್ಡು ಮಾಡಿದೆ, ಒಂದೊಂದೂ 15 ಸೆಂ.ಮೀ. ಬೇವಿನ ಎಲೆಯ ಅಚ್ಚು, ಚೆನ್ನಾಗಿಯೇ ಇತ್ತು. ಆ ಅಳತೆಯ ಲಕೋಟೆ ಊರಲ್ಲಿ ಎಲ್ಲೂ ಇಲ್ಲ. ನಲವತ್ತು ಲಕೋಟೆ ನಾನೇ ಮಡಿಸಿದೆ. ಮುಗಿಸುವಷ್ಟರಲ್ಲಿ ಯುಗಾದಿ ಕಳೆದು ರಾಮನವಮಿ ಬಂದಿತ್ತು. ಹಾವೇರಿಯವರಿಗೆ ಹೇಳಿದ ಅಳತೆಯ ಕಾರ್ಡು ಸಿ6 ಲಕೋಟೆಯಲ್ಲಿ, ಅಂದರೆ 114 × 162 ಮಿ.ಮೀ.ನದರಲ್ಲಿ, ಸರಿಯಾಗಿ ಕೂರುತ್ತದೆ.

ತೂಕವನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ. ಹದಿನಾರು ಎ4 ಹಾಳೆ ಜೋಡಿಸಿದರೆ ಒಂದು ಚದರ ಮೀಟರ್. 250 ಜಿಎಸ್‌ಎಂ ಶೀಟಾದರೆ ಒಂದು ಎ4ಗೆ ಸುಮಾರು 16 ಗ್ರಾಂ, ಅದರ ಅರ್ಧದಲ್ಲಿ ಮಾಡಿದ ಕಾರ್ಡಿಗೆ 8 ಗ್ರಾಂ. ಪತ್ರದ ದರ 20 ಗ್ರಾಂಗೊಂದು ಮೆಟ್ಟಿಲಿನಂತೆ ಏರುತ್ತದೆ. ಲಕೋಟೆ, ಗುಂಡಿಗಳ ತೂಕವನ್ನೂ ಸೇರಿಸಿ ನೋಡಿ, ಮೆಟ್ಟಿಲು ಹತ್ತಿಬಿಡಬಹುದು.

ಮಳೆಗಾಲದಲ್ಲಿ ನನ್ನ ಕಾರ್ಡುಗಳೆಲ್ಲ ಹಪ್ಪಳದ ಹಾಗೆ ಸೊಟ್ಟಗಾಗುತ್ತವೆ. ಒಣ ಹೂವು ಅಂಟಿಸಿದರೆ ಬೂಸ್ಟು ಬರುತ್ತದೆ. – ಓದುಗರು, ಸಾಗರ

ಸಾಗರದ ಮಳೆಗೆ ನಾನೇನು ಹೇಳಲಿ! ಆದರೂ ಅರ್ಧ ತಪ್ಪು ಅಂಟಿನದು. ಬಿಳಿ ಅಂಟಿನಲ್ಲಿ ನೀರಿದೆ. ಒಂದೇ ಮೈಗೆ ನೀರು ಕುಡಿಸಿದರೆ ಆ ಮೈಯ ನಾರು ಉಬ್ಬಿ ಹಾಳೆ ಬಾಗುತ್ತದೆ. ದೊಡ್ಡ ತುಂಡುಗಳಿಗೆ ಎರಡು ಮೈಯ ಅಂಟುಟೇಪ್ ಬಳಸಿ. ಅಂಟೇ ಬೇಕಾದರೆ ಅಂಚಿಗೆ ಮಾತ್ರ ತೆಳ್ಳಗೆ ಹಚ್ಚಿ, ರಾತ್ರಿಯಿಡೀ ದಪ್ಪ ಪುಸ್ತಕದ ಕೆಳಗಿಡಿ. ಕಾರ್ಡಿನ ಒಳಮೈಗೂ ಒಂದು ಬಿಳಿ ಹಾಳೆ ಅಂಟಿಸಿದರೆ ಎರಡೂ ಕಡೆ ಎಳೆತ ಸಮವಾಗುತ್ತದೆ. ಬರೆಯುವುದಕ್ಕೂ ಜಾಗ ಆಯಿತು.

ಹೂವನ್ನು ಬೇಸಿಗೆಯಲ್ಲೇ ಒಣಗಿಸಿಟ್ಟುಕೊಳ್ಳಿ. ಮಳೆಗಾಲದಲ್ಲಿ ಒಣಗಿಸಲು ಹೋಗಬೇಡಿ. ದಾಸವಾಳ ನೀರು ಬಿಟ್ಟು ಕಾಗದಕ್ಕೇ ಅಂಟಿಕೊಳ್ಳುತ್ತದೆ. ಮಲ್ಲಿಗೆ ಕಂದಿ ಕಂದು ಬಣ್ಣಕ್ಕೆ ತಿರುಗುತ್ತದೆ. ಒಳ್ಳೆಯದು ಯಾವುದು ಗೊತ್ತಾ, ಬೋಗನ್‌ವಿಲ್ಲಾ. ನಮ್ಮಲ್ಲಿ ಅದಕ್ಕೆ ಕಾಗದದ ಹೂವು ಅಂತಲೇ ಹೆಸರು, ಸುಮ್ನೆ ಇಟ್ಟ ಹೆಸರಲ್ಲ. ಮುಟ್ಟಿದರೇ ಒಣಗಿದಂತಿರುತ್ತದೆ. ನಿಮ್ಮ ಕಡೆ ಬೇಕಾದಷ್ಟು ಸಿಗುವ ಜರಿಗಿಡದ ಎಲೆಯೂ ಚೆನ್ನ. ಹಳೇ ಟೆಲಿಫೋನ್ ಡೈರೆಕ್ಟರಿಯಲ್ಲಿಟ್ಟು ಮೊದಲ ನಾಲ್ಕು ದಿನ ದಿನಾ ಪುಟ ಬದಲಿಸಿ, ಆಮೇಲೆ ಮೂರು ವಾರ ಮುಟ್ಟಬೇಡಿ.

ಮೂರು ಸಾವಿರದ ಕಟಿಂಗ್ ಮಷಿನ್ ಕೊಳ್ಳಲಾ? – ಓದುಗರು, ಮೈಸೂರು

ಬೇಡ. ಮೊದಲು ಒಂದು ಒಳ್ಳೆ ಕಟರ್, ಸ್ಟೀಲ್ ಸ್ಕೇಲ್ ಕೊಳ್ಳಿ. ಆಮೇಲೆ ಮನೆಗೆ ಬಂದ ಲಗ್ನಪತ್ರಿಕೆಗಳನ್ನು ಎಸೆಯುವುದು ನಿಲ್ಲಿಸಿ. ಅಂಥ ದಪ್ಪ ಕಾಗದ, ಅಂಥ ಬಂಗಾರದ ಅಚ್ಚು ನೀವು ದುಡ್ಡು ಕೊಟ್ಟು ತರುವುದಿಲ್ಲ. ಅರಿಸಿನ ಹಚ್ಚಿದ ಮೂಲೆ ಕತ್ತರಿಸಿದರಾಯಿತು.

ಮೊಬೈಲ್‌ನಲ್ಲಿ ಗೆಳತಿಗೆ ಹುಟ್ಟುಹಬ್ಬದ ಪುಟ ಮಾಡಿದೆ. ಪ್ರಿಂಟ್ ಹಾಕಿಸಿದರೆ ಫೋಟೊ ಮಸುಕು, ಅಕ್ಷರವೂ ಒಡೆದಿದೆ. – ವಿದ್ಯಾರ್ಥಿನಿ, ಹುಬ್ಬಳ್ಳಿ

ನೀವು ಕಳಿಸಿದ ಪುಟದಲ್ಲಿ "ಹುಟ್‌ಟುಹಬ್‌ಬ" ಎಂದಿದೆ. ಪಾಪ, ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಂತುಬಿಟ್ಟಿದೆ. ನಿಮ್ಮ ಟೈಪಿಂಗ್ ಸರಿಯಾಗಿದೆ. ಆ ಆ್ಯಪ್‌ಗೆ ಕನ್ನಡದ ಅಕ್ಷರ ಜೋಡಿಸಲು ಬರುವುದಿಲ್ಲ, ಅಷ್ಟೇ. ಕಂಪ್ಯೂಟರ್ ಇದ್ದರೆ ಗಿಂಪ್ ಹಾಕಿಕೊಳ್ಳಿ. ಚಿತ್ರ ತಿದ್ದಲು 1996ರಿಂದ ಇರುವ ಉಚಿತ ತಂತ್ರಾಂಶ, ಒತ್ತಕ್ಷರ ಸರಿಯಾಗಿ ಕೂರಿಸುತ್ತದೆ. ಫಾಂಟಿಗೆ ಗೂಗಲ್ ಫಾಂಟ್ಸ್‌ನಲ್ಲಿ ಹುಡುಕಿ: ಬಲೂ ತಮ್ಮ ದುಂಡುದುಂಡಾಗಿ ಮಕ್ಕಳ ಕಾರ್ಡಿಗೆ ಒಪ್ಪುತ್ತದೆ, ಬೆಣ್ಣೆ ಅಂತ ಒಂದಿದೆ, ನಿಮ್ಮೂರಿನ ಹೆಸರಿನ ಹುಬ್ಬಳ್ಳಿ ಫಾಂಟೂ ಇದೆ. ಎಲ್ಲವೂ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಒಪ್ಪುವ ಅಕ್ಷರ ಸಂಕೇತದವು. ಅದಕ್ಕೆ ಮುಂಚಿನ ಹಳೇ ಸಂಕೇತದಲ್ಲಿ ಟೈಪ್ ಮಾಡಿದ್ದನ್ನು ತಂದು ಇದಕ್ಕೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ, ಹೆದರಬೇಡಿ.

ಮಸುಕಿಗೆ ಕಾರಣ ಮತ್ತೆ ನನ್ನ ಲಕೋಟೆಯ ಮಾತೇ. ಪುಟ ಎಲ್ಲಿಗೆ ಹೋಗುತ್ತದೆ? ಪ್ರಿಂಟಿಗೆ ತಾನೆ? ಹಾಗಾದರೆ ಇಂಚಿಗೆ 300 ಚುಕ್ಕಿ ಬೇಕು. 12 ಇಂಚಿನ ಚೌಕ ಪುಟವಾದರೆ ಶುರುವಿನಲ್ಲೇ 3600 × 3600 ಪಿಕ್ಸೆಲ್ ಕ್ಯಾನ್ವಾಸ್ ತೆರೆಯಿರಿ. 1200 ಪಿಕ್ಸೆಲ್ ಅಗಲದ ಫೋಟೊ ಅದರಲ್ಲಿ 4 ಇಂಚಿಗಷ್ಟೇ ಸಾಲುತ್ತದೆ. ಎಳೆದು ದೊಡ್ಡದು ಮಾಡಿದರೆ ರೊಟ್ಟಿ ಹಿಟ್ಟಿನ ಹಾಗೆ ತೆಳ್ಳಗಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ತರಿಸಿಕೊಳ್ಳುವಾಗ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲದಿದ್ದರೆ ದಾರಿಯಲ್ಲೇ ಕುಗ್ಗುತ್ತದೆ.

ಇನ್ನೊಂದು. ನಿಮ್ಮ ಪುಟದಲ್ಲಿ ಫೋಟೊದ ನೆರಳು ಬಲಕ್ಕೆ ಬಿದ್ದಿದೆ, ರಿಬ್ಬನ್‌ನದು ಎಡಕ್ಕೆ. ಎರಡು ಸೂರ್ಯ ಇದ್ದಂತೆ. ಬೆಳಕು ಒಂದೇ ಕಡೆಯಿಂದ ಬರಲಿ. ಕಾಗದಕ್ಕೆ ಕೂದಲೆಳೆಯಷ್ಟು ನೆರಳು ಸಾಕು, ಗುಂಡಿಗೆ ಸ್ವಲ್ಪ ಜಾಸ್ತಿ.

ಅಮ್ಮನಿಗೆ ಎಪ್ಪತ್ತು ತುಂಬುತ್ತದೆ. ಬಾಗಲಕೋಟೆಯ ಮನೆಯಲ್ಲಿ ಅಂಟು ಪುಟದ ಹಳೇ ಆಲ್ಬಮ್ ಇದೆ. ರಜೆಗೆ ಬಂದಾಗ ಫೋಟೊ ಬಿಡಿಸಿ ಡಿಜಿಟಲ್ ಪುಸ್ತಕ ಮಾಡಬೇಕು. ಹೇಗೆ? – ಓದುಗರು, ಮಸ್ಕತ್

ಬಿಡಿಸುವ ಮೊದಲು ಒಂದೊಂದು ಪುಟದ ಫೋಟೊ ಇದ್ದ ಹಾಗೇ ತೆಗೆದುಕೊಳ್ಳಿ, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ. ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ನಾನು ಹಾಗೆ ಮಾಡಲಿಲ್ಲ. ಅಂಟು ಕರಗಲಿ ಎಂದು ನಮ್ಮನೆಯ ಆಲ್ಬಮ್‌ಗೆ ಹೇರ್ ಡ್ರೈಯರ್ ಹಿಡಿದೆ. ಅಪ್ಪ ಮಷಿನ್ನಿನ ಮುಂದೆ ಕಾಲು ತುಳಿಯುತ್ತಾ ನಿಂತಿದ್ದ ಒಂದೇ ಒಂದು ಕಲರ್ ಫೋಟೊ. ಮೇಲ್ಮೈ ಮೆದುವಾಗಿ ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡು ಬಂತು. ಈಗ ಅದರಲ್ಲಿ ಮಷಿನ್ ಇದೆ, ಅಪ್ಪನ ಎರಡು ಕೈ ಇದೆ. ಮುಖ ಇಲ್ಲ.

ಹಲ್ಲಿನ ಸಂದಿಗೆ ಹಾಕುವ ದಾರ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಪ್ಲಾಸ್ಟಿಕ್ ಹಾಳೆ ಸರಿಸಿ, ಫೋಟೊದ ಒಂದು ಮೂಲೆಯ ಕೆಳಗೆ ಆ ದಾರ ತೂರಿಸಿ ಗರಗಸದ ಹಾಗೆ ಅತ್ತ ಇತ್ತ ಎಳೆಯುತ್ತಾ ಹೋಗಿ. ಬರದಿದ್ದರೆ ಬಿಟ್ಟುಬಿಡಿ. ಬಿಡಿಸಿದ ಫೋಟೊ ಹಿಂದೆ ಮೆತ್ತನೆ ಪೆನ್ಸಿಲ್‌ನಲ್ಲಿ ಮಾತ್ರ ಬರೆಯಿರಿ, ಬಾಲ್‌ಪೆನ್ ಮುಂದಕ್ಕೆ ಒತ್ತುತ್ತದೆ. ಸ್ಕ್ಯಾನ್ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿ, ಇರಲಿ. ಆಗ ಮೂರೂವರೆ ಬೈ ಐದು ಇಂಚಿನ ಫೋಟೊಗೆ 2100 × 3000 ಪಿಕ್ಸೆಲ್ ಸಿಗುತ್ತದೆ, ದುಪ್ಪಟ್ಟು ದೊಡ್ಡದು ಮಾಡಿದರೂ ತಡೆಯುತ್ತದೆ.

ಹಿನ್ನೆಲೆಗೆ ಇಂಟರ್ನೆಟ್ಟಿನ ಗುಲಾಬಿ ಹೂವಿನ ಕಾಗದ ಹುಡುಕಬೇಡಿ. ಬಾಗಲಕೋಟೆ ಅಂದಮೇಲೆ ಅಮ್ಮನ ಟ್ರಂಕಿನಲ್ಲಿ ಇಳಕಲ್ ಸೀರೆ ಇರಲೇಬೇಕು. ತೋಪು ತೆನೆ ವಿನ್ಯಾಸದ ಕೆಂಪು ಸೆರಗನ್ನು ಸ್ಕ್ಯಾನರ್ ಮೇಲೆ ಹಾಸಿ. ದಡಿಯನ್ನು ಪುಟದ ಅಂಚಿಗೆ ಇಡಿ. ಅಮ್ಮನ ಕೈಬರಹವೂ ಬೇಕು. ಬಿಳಿ ಹಾಳೆಯಲ್ಲಿ ಕಪ್ಪು ಪೆನ್ನಿನಿಂದ ಎರಡು ಸಾಲು ಬರೆಸಿ ಸ್ಕ್ಯಾನ್ ಮಾಡಿ, ಗಿಂಪ್‌ನಲ್ಲಿ ಮೇಲಿನ ಲೇಯರ್ (ಪದರ) ಆಗಿಟ್ಟು ಮೋಡ್ ಅನ್ನು ಮಲ್ಟಿಪ್ಲೈ ಮಾಡಿ. ಬಿಳಿ ಮಾಯವಾಗಿ ಅಕ್ಷರ ಮಾತ್ರ ಸೀರೆಯ ಮೇಲೆ ಬರೆದಂತೆ ನಿಲ್ಲುತ್ತದೆ. ಫೋಟೊದಲ್ಲಿ ಯಾರ್ಯಾರಿದ್ದಾರೆ ಎಂದು ಅಮ್ಮನ ಹತ್ತಿರ ಈ ರಜೆಯಲ್ಲೇ ಕೇಳಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಕಾರ್ಡ್ ಮಾಡುತ್ತೇನೆ, ಒಳಗೆ ಏನು ಬರೆಯಬೇಕೋ ತೋಚುವುದಿಲ್ಲ. – ಓದುಗರು, ತುಮಕೂರು

ಕ್ರಿಸ್‌ಮಸ್ ಕಾರ್ಡು ಹುಟ್ಟಿದ್ದೇ ಬರೆಯುವುದನ್ನು ತಪ್ಪಿಸಿಕೊಳ್ಳಲು! 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್‌ಗೆ ಕ್ರಿಸ್‌ಮಸ್‌ಗೆ ಎಲ್ಲರಿಗೂ ಪತ್ರ ಬರೆಯಲು ಪುರಸತ್ತಿರಲಿಲ್ಲ. ಹಾರ್ಸ್ಲಿ ಎಂಬ ಕಲಾವಿದನಿಂದ ಚಿತ್ರ ಬರೆಸಿ ಅಚ್ಚು ಹಾಕಿಸಿಬಿಟ್ಟ. ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡು ಅದು. ನೀವು ಕೈಯಿಂದ ಮಾಡುತ್ತಿದ್ದೀರಿ, ಒಂದು ಸಾಲಾದರೂ ಬರೆಯಿರಿ. "ಸುಖ ಸಮೃದ್ಧಿ ದೊರೆಯಲಿ" ಬೇಡ. "ಹೋದ ಸಲ ನೀನು ಕೊಟ್ಟ ಕರಿಬೇವಿನ ಗಿಡ ಚಿಗುರಿದೆ" ಸಾಕು.

ಮಗ ಮೂರನೇ ಕ್ಲಾಸು. ಅಜ್ಜಿಗೆ ಕಾರ್ಡು ಮಾಡಿದ್ದಾನೆ. "ಸಂಕಾಂತ್ರಿ ಶುಬಾಷಯ" ಎಂದು ಬರೆದಿದ್ದಾನೆ. ತಿದ್ದಿ ಹೊಸದು ಮಾಡಿಸಲಾ? – ಓದುಗರು, ಕೊಪ್ಪಳ

ಅಯ್ಯೋ, ಬೇಡ! ನಾವು ಸಣ್ಣವರಿದ್ದಾಗ ಸಂಕ್ರಾಂತಿಗೆ ಅಂಗಡಿಯಲ್ಲಿ ದಾರಕ್ಕೆ ನೇತುಹಾಕಿದ ಸಿನಿಮಾ ಹೀರೊಗಳ ಗ್ರೀಟಿಂಗ್ ಕೊಂಡು, ಹಿಂದೆ ಇದಕ್ಕಿಂತ ಜಾಸ್ತಿ ತಪ್ಪು ಬರೆದು ಹಂಚುತ್ತಿದ್ದೆವು. ಹಿಂಬದಿಗೆ ಪೆನ್ಸಿಲ್‌ನಲ್ಲಿ ತಾರೀಖು ಹಾಕಿ ಹಾಗೇ ಕಳಿಸಿ. ವಿಳಾಸದ ಪಿನ್‌ಕೋಡ್ ಮಾತ್ರ ನೀವೇ ಬರೆಯಿರಿ.